ಮಕ್ಕಳ ಸಾಲಿನ ಮೊದಲ ಹೆಸರು

ಶೋಶಮ್ಮತ್ತೆ,

ಇವತ್ತು ಕೊಟ್ಟಾಯಂ ಲೈಬ್ರರಿಯ ಹಳೆಯ ಪತ್ರಿಕೆಯಲ್ಲಿ ಅಜ್ಜಿಯ ನಿಧನವಾರ್ತೆ ಸಿಕ್ಕಿತು. ‘ಮಕ್ಕಳು’ ಎಂಬಲ್ಲಿ ಮೊದಲ ಹೆಸರೇ ನಿನ್ನದು. ನೀನು ಓಡಿಹೋಗಿ ಮದುವೆಯಾದ ಮೇಲೆ ಅಜ್ಜ ಮನೆಯಲ್ಲಿ ಯಾರ ಬಾಯಲ್ಲೂ ಬರಗೊಡದ ಹೆಸರು. ಬೆರಳಿಟ್ಟು ಮೂರು ಸಲ ಓದಿದೆ. ಅಷ್ಟು ಚಿಕ್ಕ ಅಕ್ಷರದಲ್ಲಿ ಅಜ್ಜ ಇಡೀ ನಾಡಿಗೇ ಹೇಳಿಬಿಟ್ಟಿದ್ದರು.

ಅಂದು ಮನೆಗೆ ಬಂದು ಸುದ್ದಿ ಬರೆದುಕೊಂಡ ಪತ್ರಿಕೆಯ ಏಜೆಂಟ್ ಇಟ್ಟೂಪ್ ಇನ್ನೂ ಇದ್ದಾರೆ. ಕೇಳಿದರೆ ನಕ್ಕರು. “ನಾನು ನಾಲ್ಕೇ ಹೆಸರು ಬರ್ಕೊಂಡಿದ್ದೆ, ಮಗಳೇ. ‘ದೊಡ್ಡವಳನ್ನ ಬಿಟ್ಟು ಚಿಕ್ಕವರಿಂದ ಶುರು ಮಾಡ್ತೀಯೇನೋ?’ ಅಂತ ನಿಮ್ಮಜ್ಜ ಬೈದ್ರು.”

ಹೋದ ವರ್ಷ ನಿನ್ನ ನಿಧನವಾರ್ತೆ ಬರೆದುಕೊಟ್ಟವಳು ನಾನೇ, ಅತ್ತೆ. ಅಜ್ಜನ ಆತ್ಮ ನೋಯುತ್ತದೆಂದು, ಪುಳಿಕ್ಕಲ್ ಎಂಬ ನಮ್ಮ ಮನೆಹೆಸರನ್ನು ಅದರಲ್ಲಿ ಹಾಕಲಿಲ್ಲ.