ಸದ್ದಿಲ್ಲದ ಪಿಟೀಲು

ಶುಕ್ರವಾರ, ಮಾರ್ಚ್ ೧೪

ನನ್ನ ಹಾಡು ಈ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದೆ. ಸಂಜೆ ರೇಡಿಯೋದವರು ಹೇಳಿದರು. ಆಮೇಲೆ ಫೋನು ಕೆಳಗಿಡಲು ಆಗಿಲ್ಲ. ಮನಸ್ಸನ್ನು ಕೊರೆಯುತ್ತಿರುವುದು ಮಾತ್ರ ಚಿಕ್ಕಪ್ಪನ ಕರೆ.

ಹಾಡಿಗೆ ಪಿಟೀಲು ನುಡಿಸಿದ್ದು ಅವರು. ವಿಡಿಯೋ ಚಿತ್ರೀಕರಣ ಮುಗಿದ ಮೇಲೆ ನಿರ್ಮಾಪಕರು, ಪಿಟೀಲು ಹಳೇ ಕಾಲದ್ದಾಯಿತು, ತೆಗೆದುಬಿಡೋಣ ಎಂದರು. ನಾನು ತಲೆಯಾಡಿಸಿದೆ. ಚಿಕ್ಕಪ್ಪನಿಗೆ ಹೇಳಲಿಲ್ಲ. ಸದ್ದು ಹೋಯಿತು, ದೃಶ್ಯ ಉಳಿಯಿತು. ಕಣ್ಣು ಮುಚ್ಚಿ ಕಮಾನು ಎಳೆಯುತ್ತಾ ಅದರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಾರೆ.

ಇವತ್ತು ಚಿಕ್ಕಪ್ಪ ತಮ್ಮ ಹೊಲಿಗೆ ಅಂಗಡಿಯಲ್ಲಿ ಓಣಿಯವರನ್ನೆಲ್ಲ ಕೂರಿಸಿಕೊಂಡು ವಿಡಿಯೋ ನೋಡಿ ನನಗೆ ಕರೆ ಮಾಡಿದರು.

"ಏನಮ್ಮಾ ನಂಬರ್ ಒನ್ನು, ನಿನ್ನ ಗಂಟಲು ಖಣಖಣ ಅಂತ ಕೇಳುತ್ತೆ, ನನ್ನ ಪಿಟೀಲು ಮಾತ್ರ ಕೇಳ್ತಾನೇ ಇಲ್ಲ. ಎದುರಂಗಡಿಯವನು, 'ಏನಯ್ಯಾ, ಸೊಳ್ಳೆ ಓಡಿಸ್ತಿದ್ದೀಯಾ?' ಅಂತ ನಗ್ತಾನೆ. ಈ ಹಳೇ ಟಿವಿ ಕೆಟ್ಟಿರಬೇಕು, ಅಲ್ವಾ?"

ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಹೂಂ ಚಿಕ್ಕಪ್ಪ, ಟಿವಿನೇ ಇರಬೇಕು."

"ಸದ್ಯ! ನಾನೇನೋ ಕೆಟ್ಟದಾಗಿ ನುಡಿಸಿದೆ ಅಂತ ತೆಗೆದುಬಿಟ್ರೇನೋ ಅಂದ್ಕೊಂಡಿದ್ದೆ," ಎಂದು ನಕ್ಕರು.

ಶ್ರುತಿ ಅಂದರೇನು ಅಂತ ನನಗೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವರು. ಅವರಿಗೆ ನಾನು...

ನಾಳೆ ಬೆಳಿಗ್ಗೆ ಟಿವಿಯನ್ನು ರಿಪೇರಿಗೆ ಒಯ್ಯುತ್ತಾರಂತೆ.