ವಾಲ್ವಿಗೆ ಹಚ್ಚಿದ ಬೆಳ್ಳಿ ಬಣ್ಣ

1-10-81, ಕೊಟ್ಟೂರು

ಏಳಕ್ಕೆ ಪಂಕ್ಚರ್ ಅಂಗಡಿ ತೆಗೆದೆ. ಕಂಪ್ರೆಸರ್ ಆಯಿಲ್ ನೋಡಿದೆ, ಸಾಕಷ್ಟಿದೆ. ಬೆಲ್ಟ್ ಕಿರುಗುಡುತ್ತಿದೆ. ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ನೀರು ಬಿಡಬೇಕಿತ್ತು, ಬಿಡಲಿಲ್ಲ. ನಿನ್ನೆಯೂ ಇಲ್ಲ. ಗಾಳಿ ತುಂಬಿದಂತೆಲ್ಲ ಒಳಗೆ ನೀರು ಕೂರುತ್ತದೆ, ಬಿಡದಿದ್ದರೆ ತಳ ತುಕ್ಕು ತಿನ್ನುತ್ತದೆ. ಗೊತ್ತು. ಆದರೆ ಹೊಸಹಳ್ಳಿ ಲಾರಿಯವನು ಬೆಳಗ್ಗೆಯೇ ಹಾರ್ನ್ ಹೊಡೆದು ತಲೆ ತಿನ್ನುತ್ತಿದ್ದ. ನಾಳೆ ಬಿಟ್ಟರಾಯಿತು.

ಗಾಳಿ ತುಂಬಿದಾಗ ಮೋಟರನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚು ಯುಗಾದಿಗೇ ಸುಟ್ಟಿತ್ತು. ಅದೂ ನಾಳೆ ನಾಳೆ ಎಂದು ಇಲ್ಲಿಗೆ ಬಂತು. ಗಾಳಿ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದಾಗ ಕೈಯಿಂದಲೇ ಮೋಟರ್ ಬಂದ್ ಮಾಡುವುದು. ಸುಂಕಪ್ಪ ಇರುವಾಗ ಚಿಂತೆಯಿಲ್ಲ. ಒಂಬತ್ತು ವರ್ಷದಿಂದ ನನ್ನ ಅಂಗಡಿಯಲ್ಲಿದ್ದಾನೆ. ಟಯರ್ ಬಿಚ್ಚುತ್ತಿದ್ದರೂ ಅವನ ಒಂದು ಕಣ್ಣು ಮುಳ್ಳಿನ ಮೇಲೆ.

7-10-81, ಆಯುಧಪೂಜೆ

ಪ್ರತಿ ವರ್ಷದಂತೆ ಕಂಪ್ರೆಸರ್‌ಗೆ ನಾನೇ ಬಣ್ಣ ಹಚ್ಚಿದೆ. ಆ ಕೆಲಸ ಮಾತ್ರ ಯಾರಿಗೂ ಬಿಡುವುದಿಲ್ಲ. ಟ್ಯಾಂಕಿಗೆ ಹಸಿರು, ಎರಡು ಕೋಟ್. ತಳದಲ್ಲಿ ತುಕ್ಕು ಹಪ್ಪಳದಂತೆ ಎದ್ದಿತ್ತು, ಅದರ ಮೇಲೇ ಬಳಿದೆ. ಡಬ್ಬಿಯಲ್ಲಿ ಒಂದಿಷ್ಟು ಬೆಳ್ಳಿ ಬಣ್ಣ ಉಳಿದಿತ್ತು. ಸೇಫ್ಟಿ ವಾಲ್ವ್ ಕಪ್ಪಗಾಗಿ ಅಸಹ್ಯವಾಗಿ ಕಾಣುತ್ತಿತ್ತು. ಅದಕ್ಕೂ ಹಚ್ಚಿದೆ, ಚೆನ್ನಾಗಿ ಕೂರಲೆಂದು ಮತ್ತೊಮ್ಮೆ ಹಚ್ಚಿದೆ.

ಸುಂಕಪ್ಪ ಬಾಳೆಕಂದು ಕಟ್ಟುತ್ತಿದ್ದವನು ಓಡಿ ಬಂದ. “ಸಾವ್ಕಾರ್ರ, ಅದಕ್ಕ ಹಚ್ಚಬ್ಯಾಡ್ರಿ. ಗಾಳಿ ಹೆಚ್ಚಾದ್ರ ಅದು ಏಳಬೇಕು. ಬಣ್ಣ ಕುಂತ್ರ ಎದ್ದೀತೇನ್ರಿ?”

“ಹಬ್ಬದ ದಿನ ಅದೊಂದು ಯಾಕ ಬೋಳು ಇರಬೇಕಲೇ? ಸುಮ್ನ ಕುಂಕುಮ ತಗೊಂಬಾ.”

ತಂದುಕೊಟ್ಟ. ಎದುರಿನ ಹೋಟೆಲಿನ ಚೌಡಣ್ಣ ಬಂದು “ಮದಿಮಗ ಆಗೇತಲ್ರಿ ಬೆನಕಪ್ಪ, ನಿಮ್ಮ ಮಿಷನ್ನು” ಎಂದ. ಹಿಗ್ಗಿದೆ. ಇದನ್ನು ಬರೆಯುವಾಗಲೂ ಹಿಗ್ಗು ಇದೆ.

19-10-81

ಒಂದು ವಾರ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಹೋದ ಸೋಮವಾರ ಮಧ್ಯಾಹ್ನ. ಲಾರಿಯೊಂದರ ಸ್ಟೆಪ್ನಿ ಟಯರ್ ಪಂಕ್ಚರಿಗೆ ಬಂದಿತ್ತು. ಮೋಟರ್ ಹಾಕಿ “ಮುಳ್ಳು ನಾನ್ ನೋಡ್ತೀನಿ, ನೀ ಟಯರ್ ಬಿಚ್ಚು” ಎಂದೆ. ಇದನ್ನು ಹೇಳಿದವನು ನಾನು. ಚೌಡಣ್ಣ ಮಿರ್ಚಿ ಇಳಿಸುತ್ತಿದ್ದ, ವಾಸನೆ ಅಂಗಡಿವರೆಗೂ ಬಂತು. ಎರಡು ನಿಮಿಷ ಎಂದು ಎದ್ದು ಹೋದೆ. ಸುಂಕಪ್ಪನಿಗೆ ಹೇಳಿಯೂ ಹೋಗಲಿಲ್ಲ. ಅವನು ನನಗೆ ಬೆನ್ನು ಹಾಕಿ ಕೂತಿದ್ದ. ಅಲ್ಲಿ ಯಾರೋ ಹತ್ತಿ ರೇಟಿನ ಮಾತು ತೆಗೆದರು. ಎರಡು ನಿಮಿಷ ಎಷ್ಟಾಯಿತೋ...

ಸದ್ದು ಬಂದಾಗ ನನ್ನ ಬಾಯಲ್ಲಿ ಮಿರ್ಚಿ ಇತ್ತು.

ಟ್ಯಾಂಕಿನ ತಳ ಸೀಳಿತ್ತು. ಸುಂಕಪ್ಪ ಸ್ವಿಚ್ಚಿನ ಹತ್ತಿರ ಬಿದ್ದಿದ್ದ. ಮೋಟರ್ ಸದ್ದು ಬದಲಾದದ್ದು ಕೇಳಿ ಬಂದ್ ಮಾಡಲು ಎದ್ದು ಓಡಿರಬೇಕು. ಬಲಗೈ ನೋಡಲಾಗಲಿಲ್ಲ. ಅದೇ ಲಾರಿಯಲ್ಲಿ ಬಳ್ಳಾರಿಗೆ ಹಾಕಿಕೊಂಡು ಹೋದೆವು.

ಮರುದಿನ ಅಂಗಡಿಗೆ ಬಂದ ಪೊಲೀಸಿನವರು ಕೇಳಿದರು, ಮುಳ್ಳು ನೋಡುತ್ತಿದ್ದವರು ಯಾರು? ಸುತ್ತ ಅರ್ಧ ಊರು ನಿಂತಿತ್ತು. “ಸುಂಕಪ್ಪ ನೋಡ್ತಿದ್ದ್ರಿ. ತೂಕಡಿಸಿರಬೇಕು” ಎಂದೆ.

ಬಾಯಿಂದ ಹಾಗೆ ಬಂತು. ಯೋಚಿಸಿ ಹೇಳಿದ್ದಲ್ಲ ಎಂದು ಇಲ್ಲಿ ಬರೆದರೆ ಅದೂ ಸುಳ್ಳು. ಬಾಯಿ ತೆರೆಯುವ ಮುಂಚೆ ಒಂದು ಕ್ಷಣ ಯೋಚಿಸಿದ್ದೆ.

20-10-81

ಅಂಗಡಿ ಮುಂದಿನ ಚರಂಡಿಯಲ್ಲಿ ವಾಲ್ವ್ ಸಿಕ್ಕಿತು. ಅದನ್ನು ಎಬ್ಬಿಸುವ ಉಂಗುರ ಎಳೆದು ನೋಡಿದೆ, ಅಲ್ಲಾಡಲಿಲ್ಲ. ಬೆಳ್ಳಿ ಬಣ್ಣ ಒಂದು ಕಡೆಯೂ ಬಿರಿದಿಲ್ಲ. ಯಾರೂ ನೋಡುತ್ತಿರಲಿಲ್ಲ. ಜೇಬಿಗೆ ಹಾಕಿಕೊಂಡು ಬಂದು ಮೇಜಿನ ಡ್ರಾದಲ್ಲಿಟ್ಟು ಬೀಗ ಹಾಕಿದೆ. ಈ ಪುಸ್ತಕವೂ ಅಲ್ಲೇ ಇರುತ್ತದೆ.

11-1-82

ಸುಂಕಪ್ಪ ಊರಿಗೆ ಬಂದು ವಾರವಾಯಿತಂತೆ. ಬಲಗೈಯ ಮೂರು ಬೆರಳಿಲ್ಲ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಚೆನ್ನಾಗಿದೆ. ಆ ದಿನದ್ದು ಏನೂ ನೆನಪಿಲ್ಲವಂತೆ. ಇದನ್ನು ಕೇಳಿದಾಗ ನನ್ನ ಎದೆ ಹಗುರಾಯಿತು. ಥೂ, ಎಂಥ ಮನುಷ್ಯ ನಾನು!

ಇವತ್ತು ಅವನ ಹೆಂಡತಿ ದುರುಗಮ್ಮ ಬಂದಿದ್ದಳು. ಹೊಸ ಕಂಪ್ರೆಸರ್ ನೋಡುತ್ತ ನಿಂತಳು. ಒಳಗೆ ಬಾ ಎಂದೆ, ಬರಲಿಲ್ಲ.

“ಊರೆಲ್ಲಾ ನನ್ನ ಗಂಡಗ ನಿದ್ದಿಗೇಡಿ ಅಂತೈತ್ರಿ. ಒಂಬತ್ತು ವರ್ಷದಾಗ ಅಂವ ಒಮ್ಮೆರ ಮಕ್ಕಂಡಿದ್ದು ನೀವು ನೋಡೀರೇನ್ರಿ?”

“ಇಲ್ಲ” ಎಂದೆ.

“ಹಂಗಾರ ಅಷ್ಟು ಹೇಳ್ರಲ್ಲ ನಾಕ್ ಮಂದಿ ಮುಂದ.”

ಅಷ್ಟರಲ್ಲಿ ಯಾವುದೋ ಜೀಪು ಬಂತು. ಗಾಳಿ ಹಾಕಲು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಹೋಗಿದ್ದಳು. ನಾಲ್ಕೂ ಟಯರ್‌ಗೆ ನಿಧಾನವಾಗಿ ಗಾಳಿ ಹಾಕಿದೆ... ಬೇಕೆಂದೇ.

27-10-82, ವಿಜಯದಶಮಿ

ಈ ಸಲ ಕಂಪ್ರೆಸರ್‌ಗೆ ಬಣ್ಣ ಹಚ್ಚಲಿಲ್ಲ. ದಿನಾ ನೀರು ಬಿಡುತ್ತೇನೆ, ದಿನಾ ವಾಲ್ವಿನ ಉಂಗುರ ಎಳೆಯುತ್ತೇನೆ, ಬುಸ್ ಎನ್ನುವ ತನಕ ಬೇರೆ ಕೆಲಸ ಮುಟ್ಟುವುದಿಲ್ಲ. ಬುದ್ಧಿ ಬಂದಿದೆ, ಇನ್ನೊಬ್ಬನ ಕೈ ಹೋದ ಮೇಲೆ!

ಸಂಜೆ ಸುಂಕಪ್ಪ ಬನ್ನಿ ಕೊಡಲು ಬಂದ. ಮನೆಬಾಗಿಲಲ್ಲೇ ನಿಂತು ಎಡಗೈ ಚಾಚಿದ. “ಎಡಗೈಲಿ ಕೊಡ್ತಿದೀನಿ, ತಪ್ಪು ತಿಳಕಾಬ್ಯಾಡ್ರಿ ಸಾವ್ಕಾರ್ರ. ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ.” ಕಾಲು ಮುಟ್ಟಿದ. ಬಗ್ಗಿದವನು ಹಾಗೇ ಹೇಳಿದ, “ನನ್ನ ನಿದ್ದಿಗೆ ನಿಮ್ಮ ಟ್ಯಾಂಕಿ ಹೋತು. ಹೊಟ್ಯಾಗ ಹಾಕ್ಕಳ್ರಿ.”

ನಾನು ಹುಟ್ಟಿಸಿದ ಸುಳ್ಳನ್ನು ಊರೆಲ್ಲ ಹೇಳಿ ಹೇಳಿ ಅವನಿಗೇ ನಂಬಿಸಿಬಿಟ್ಟಿದೆ. ಅವನಿಗೆ ಈಗ ತಾನು ಮಲಗಿದ್ದೇ ನೆನಪು!

ಎಬ್ಬಿಸಿದೆ. ಭುಜ ಹಿಡಿದುಕೊಂಡು ಹೇಳಿಯೇಬಿಟ್ಟೆ: ನೀನು ಮಲಗಿರಲಿಲ್ಲ ಸುಂಕಪ್ಪ, ಮುಳ್ಳು ನೋಡಬೇಕಾದವನು ನಾನು, ವಾಲ್ವ್ ಮುಚ್ಚಿದವನೂ ನಾನು. ಎಲ್ಲ ಹೇಳಿದೆ. ಅವನು ನಕ್ಕು ತಲೆಯಾಡಿಸಿದ, ಆಶೀರ್ವಾದ ಮಾಡಿದೆನೆಂದುಕೊಂಡು.

ಅವನ ಬಲಗಿವಿಗೆ ಹೇಳಿದ್ದೆ. ಮೆಲ್ಲಗೆ ಹೇಳಿದ್ದೆ. ಗೊತ್ತಿದ್ದೇ ಆ ಕಡೆ ನಿಂತಿದ್ದೆ.

28-10-82

ಹತ್ತಿ ಬಿಡಿಸುವ ಜಿನ್ನಿನ ಮಾಲೀಕ ಹಾಲಸ್ವಾಮಿ ಅಂಗಡಿಗೆ ಬಂದಿದ್ದರು, ಸ್ಕೂಟರಿಗೆ ಗಾಳಿ ಹಾಕಿಸಲು. ಹತ್ತಿ ಸೀಜನ್ ಸುರುವಾಯಿತು, ಜಿನ್ನಿನ ಗೇಟಿಗೆ ಒಬ್ಬ ಆಳು ಬೇಕಂತೆ. “ನಿಮ್ಮ ಸುಂಕಪ್ಪ ಕೇಳಾಕ ಬಂದಿದ್ದ. ಮನುಷ್ಯ ಒಳ್ಳೇನದಾನ. ಆದ್ರ ನಿದ್ದಿ ಮಾಡ್ತಾನಂತಲ್ರಿ? ಹತ್ತಿ ರಾಶಿ ಬಿದ್ದಿರತೈತಿ, ಒಂದ್ ಕಿಡಿ ಸಾಕು. ನೀವು ಹ್ಞೂ ಅಂದ್ರ ಇಟ್ಗಂತೀನಿ, ಇಲ್ಲಾಂದ್ರ ಇಲ್ಲ.”

ಒಂದು ಮಾತು ಸಾಕಿತ್ತು. “ನೋಡ್ರಿ, ನಿಮಗ ಬಿಟ್ಟಿದ್ದು” ಎಂದೆ.

“ಹಂಗಾರ ಬ್ಯಾಡ ಬಿಡ್ರಿ” ಎಂದು ಸ್ಕೂಟರ್ ಒದ್ದು ಹೊರಟೇ ಹೋದರು.

ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿ ನಾಗಲಿಂಗಮ್ಮ ತಟ್ಟೆ ಎತ್ತುತ್ತ “ಯಾಕ್ರಿ, ಮೈಯಾಗ ಹುಷಾರಿಲ್ಲೇನು?” ಎಂದಳು. ಅವಳ ಮುಖವನ್ನೂ ನೋಡಲಾಗಲಿಲ್ಲ. ಅದೇನೋ, ಆಗಲೇ ನಿರ್ಧಾರವಾಯಿತು. ಸುಂಕಪ್ಪನಿಗೆ ಹೇಳಿ ಕಳಿಸಿದ್ದೇನೆ, ನಾಳೆ ಬೆಳಗ್ಗೆ ಬಾ, ಜಿನ್ನಿಗೆ ಹೋಗೋಣ ಎಂದು.

29-10-82, ಬೆಳಗ್ಗೆ 8

ಬಂದಿದ್ದಾನೆ. ಹೊರಗೆ ನಿಂತು ಕಂಪ್ರೆಸರ್ ನೋಡುತ್ತಿದ್ದಾನೆ. ಒಗೆದ ಅಂಗಿ ಹಾಕಿದ್ದಾನೆ. ಕೆಲಸ ಸಿಕ್ಕಿತೆಂದೇ ತಿಳಿದಿದ್ದಾನೆ. ದುರುಗಮ್ಮನೂ ಜೊತೆಗೆ ಬಂದಿದ್ದಾಳೆ. ಒಳ್ಳೆಯದೇ ಆಯಿತು. ಅವಳಿಗೆ ಎರಡೂ ಕಿವಿ ಕೇಳುತ್ತವೆ.

ಡ್ರಾ ಬೀಗ ತೆಗೆದೆ. ವಾಲ್ವ್ ಜೇಬಿನಲ್ಲಿದೆ, ಹಾಲಸ್ವಾಮಿಯ ಮೇಜಿನ ಮೇಲೆ ಇಡುವುದು. ಜಿನ್ನು ಒಂದು ಮೈಲಿ. ಅಲ್ಲಿವರೆಗೆ ತಡೆಯಲಾರೆ, ತಡೆದರೆ ಮತ್ತೆ ಹೇಡಿಯಾಗುತ್ತೇನೆ. ದಾರಿಯಲ್ಲೇ ಹೇಳಬೇಕು. ಅವನ ಎಡಕ್ಕೆ ನಡೆಯಬೇಕು.

ಕರೆಯುತ್ತಿದ್ದಾನೆ, “ಸಾವ್ಕಾರ್ರ, ಹೊಂಡೋಣೇನ್ರಿ?” ಎಂದು. ಎಡಕ್ಕೆ. ನೆನಪಿರಲಿ, ಎಡ—