ಆಫ್ರಿಕಾ ಪೇಪರಿನ ಸೊನ್ನೆ

ಝಳಕಿ

ಮಂಜರಿ ಮೇಡಂ ಅವರಿಗೆ ಸುವರ್ಣಾಳ ನಮಸ್ಕಾರಗಳು.

ಆಫ್ರಿಕನ್ ಅಧ್ಯಯನದ ಪರೀಕ್ಷೆಯಲ್ಲಿ ನಾನು ಖಾಲಿ ಹಾಳೆ ಕೊಟ್ಟದ್ದಕ್ಕೆ, "ನನ್ನ ಪಾಠ ಆಕಿ ತಲಿಗೇ ಹೋಗಿಲ್ಲ" ಎಂದು ನೊಂದುಕೊಂಡಿರಂತೆ. ಈ ಪತ್ರ ತಂದಿರುವ ಗೆಳತಿ ವಿಜಯಶ್ರೀ ಹೇಳಿದಳು. ಇನ್ನೊಮ್ಮೆ ಪರೀಕ್ಷೆ ಬರೆಸಲೆಂದು ಫೋನ್ ಮಾಡಬೇಡಿ ಮೇಡಂ. ನನ್ನ ಫೋನ್ ಈಗ ಅಣ್ಣನ ಕೈಯಲ್ಲಿದೆ.

"ಡಿಗ್ರಿ ಪಾಸಾದ ಕೂಡ್ಲೆ ಲಗ್ನ ಅಂತ ಬೀಗರು ಅಂದಾರ. ನಿನ್ನ ಕೇಳೂದೇನೈತಿ?" ಎಂದಿದ್ದಾರೆ ಅಪ್ಪ.

ಅಮೆರಿಕದ ಹತ್ತಿ ಹೊಲಗಳಲ್ಲಿ ಆಫ್ರಿಕಾ ಮೂಲದ ಗುಲಾಮರು ಬೇಕಂತಲೇ ಗುದ್ದಲಿ ಮುರಿಯುತ್ತಿದ್ದರು, ಯಜಮಾನರು ಅವರನ್ನು ದಡ್ಡರೆಂದುಕೊಂಡು ಸುಮ್ಮನಾಗುತ್ತಿದ್ದರು ಎಂದು ಕಲಿಸಿದವರು ನೀವು. ಆ ಪಾಠ ನನ್ನ ತಲೆಗೆ ಚೆನ್ನಾಗಿ ಹೋಗಿದೆ.

ಸೊನ್ನೆ ಹಾಗೇ ಇರಲಿ.

ನಿಮ್ಮ ವಿದ್ಯಾರ್ಥಿನಿ,
ಸುವರ್ಣಾ